ಹಗೇವಿನಲ್ಲಿಟ್ಟ ಮರದಚ್ಚುಗಳು

ಭಾವ ಬದುಕಿದ್ದಾರೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಓದುವವರಿಗಾಗಿ ಮಾತ್ರವಲ್ಲ, ನನಗಾಗಿಯೂ. ಹೋದ ವಾರವಷ್ಟೇ ಹಿರಿಯೂರಿನ ಸಂತೆಯಲ್ಲಿ ಸಿಕ್ಕಿದ್ದರು. ಹೆಗಲ ಮೇಲೆ ಕಂಬಳಿ, ಬಾಯಿ ತುಂಬ ಎಲೆ ಅಡಿಕೆ. ಹಗ್ಗ ಮಾರುವವನ ಜೊತೆ ನಗುನಗುತ್ತಲೇ ಜಗಳಕ್ಕೆ ನಿಂತಿದ್ದರು. ದನಿ ಅರ್ಧ ಸಂತೆಗೆ ಕೇಳುತ್ತಿತ್ತು. ನಾನು ಕೂಡಲೇ ಹತ್ತಿರ ಹೋಗದೆ ಬೇವಿನ ಮರದ ಕೆಳಗೆ ನಿಂತು ಸ್ವಲ್ಪ ಹೊತ್ತು ಆ ದನಿಯನ್ನು ಸುಮ್ಮನೆ ಕೇಳಿಸಿಕೊಂಡೆ.

ಆದರೂ ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದಾಗ, ಸ್ನಾನಕ್ಕೆ ನೀರು ಮೊಗೆಯುವಾಗ, ಹರಿಯಬ್ಬೆಯ ಆ ಭಾನುವಾರ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪ್ರತಿಸಲವೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಬರೆದರೆ ಮುಂದಕ್ಕೆ ಹೋದೀತೇನೋ ಎಂದು ಬರೆಯುತ್ತಿದ್ದೇನೆ.

ಎಲ್ಲಕ್ಕೂ ಕಾರಣ ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ಮೂವತ್ತೊಂದು ಚಿತ್ರಗಳಿದ್ದವು.

ಬೆಂಗಳೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವಾಗ ನಾನು ಜರ್ಮನ್ ಭಾಷೆಯನ್ನು ಅಷ್ಟಿಷ್ಟು ಕಲಿತಿದ್ದೆ. ಓದು ಮುಗಿಸಿ ಹೊಳಲ್ಕೆರೆಯ ಶಾಲೆಗೆ ಮೇಷ್ಟರಾಗಿ ಬಂದ ಮೊದಲ ವರ್ಷವೇ ಅದು ಉಪಯೋಗಕ್ಕೆ ಬಂತು. ಚಿತ್ರದುರ್ಗದಲ್ಲಿ ಹತ್ತಿ ಬಿಡಿಸುವ ಕಾರ್ಖಾನೆಯೊಂದಕ್ಕೆ ಹೊಸ ಯಂತ್ರ ಕೂಡಿಸಲು ಜರ್ಮನಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಅವನ ಇಂಗ್ಲಿಷು ಅಷ್ಟಕ್ಕಷ್ಟೆ, ಇಲ್ಲಿನ ಮೇಸ್ತ್ರಿಗಳದ್ದು ಅದಕ್ಕೂ ಕಡಿಮೆ. ನಡುವೆ ನಿಂತು ಮಾತು ದಾಟಿಸುವುದಕ್ಕೆ ಭಾನುವಾರಗಳಂದು ನನ್ನನ್ನು ಕರೆಸುತ್ತಿದ್ದರು.

ಯಂತ್ರದ ಭಾಗಗಳು ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳಲ್ಲಿ ಬಂದಿದ್ದವು. ಒಂದಕ್ಕೊಂದು ತಾಗಬಾರದೆಂದು ಸಂದಿಗಳಲ್ಲಿ ಹಳೆಯ ಪತ್ರಿಕೆಯ ಹಾಳೆಗಳನ್ನು ತುರುಕಿದ್ದರು. ಆಳುಗಳು ಆ ಹಾಳೆಗಳಿಂದ ಕೈಯ ಜಿಡ್ಡು ಒರೆಸಿಕೊಳ್ಳುತ್ತಿದ್ದರು. ಮುದ್ದೆಯಾಗಿ ಬಿದ್ದಿದ್ದ ಒಂದನ್ನು ನಾನು ಬಿಡಿಸಿ ನೋಡಿದೆ. ಹಾಳೆಯ ತುಂಬ ಒಬ್ಬ ಹೆಂಗಸಿನ ಮುಖ. ಬಾಚಿಯಲ್ಲಿ ಕಡಿದಂಥ ಕೆನ್ನೆ, ಕಣ್ಣಿರಬೇಕಾದ ಕಡೆ ಎರಡು ಕಪ್ಪು ಗುಳಿ, ಮಡಿಲಲ್ಲಿ ಮಗು. ಕಪ್ಪು ಬಿಟ್ಟರೆ ಬಿಳಿ, ನಡುವೆ ಇನ್ನೊಂದು ಬಣ್ಣವಿಲ್ಲ. ಚಂದವೆಂದು ಹೇಳುವಂತಿರಲಿಲ್ಲ, ಆದರೆ ಎಸೆಯಲು ಕೈ ಬರಲಿಲ್ಲ.

ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರು ಎಂದ ಎಂಜಿನಿಯರ್. ಸವರಿದೆ. ಒತ್ತಿದ ಗೆರೆಗಳು ಉಬ್ಬಿಕೊಂಡು ಸಿಕ್ಕವು. ಚಿತ್ರಗಾರ ತಾನೇ ಉಳಿ ಹಿಡಿದು ಹಲಗೆ ಕೆತ್ತಿ, ಆ ಹಲಗೆಯಿಂದಲೇ ನೇರವಾಗಿ ಒತ್ತಿದ್ದಂತೆ ಅದು. ಯುದ್ಧ ಸೋತು, ಹೊಟ್ಟೆಗಿಲ್ಲದೆ ಕುಳಿತ ವರ್ಷಗಳಲ್ಲಿ ತನ್ನ ದೇಶದಲ್ಲಿ ಅನೇಕರು ಹೀಗೆ ಕೆತ್ತಿದರು, ಕಂಡದ್ದನ್ನಲ್ಲ, ಒಳಗೆ ಕುದಿಯುತ್ತಿದ್ದದ್ದನ್ನು ಎಂದು ಅವನು ಹೇಳಿದ. ಅವನಿಗೆ ಅದರಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ. ನಾನು ಸಂಜೆಯವರೆಗೆ ಕಸದ ರಾಶಿಯಲ್ಲಿ ಹುಡುಕಿ ಇನ್ನೂ ನಾಲ್ಕು ಹಾಳೆ ಆರಿಸಿದ್ದನ್ನು ಕಂಡು ನಕ್ಕ. ಊರಿಗೆ ಬರೆದ ಕಾಗದದಲ್ಲಿ, ಅಟ್ಟದ ಮೇಲಿನ ಹಳೆಯ ಪತ್ರಿಕೆಗಳನ್ನು ಈ ಮರುಳನಿಗೆ ಕಳಿಸು ಎಂದು ತನ್ನ ತಂಗಿಗೆ ಹೇಳಿದ.

ಅವಳು ನಿಜಕ್ಕೂ ಕಳಿಸಿದಳು. ವರ್ಷಕ್ಕೆ ಎರಡು ಸಲವೋ ಮೂರು ಸಲವೋ ಹೊಳಲ್ಕೆರೆಯ ಅಂಚೆ ಮನೆಗೆ ದಪ್ಪನೆಯ ಸುರುಳಿ ಬರುತ್ತಿತ್ತು. ಅಂಚೆ ಮಾಸ್ತರರು ಒಮ್ಮೆ ತಮ್ಮೆದುರೇ ಬಿಚ್ಚಿಸಿ ನೋಡಿ, “ಅಯ್ಯೋ ಮೇಷ್ಟ್ರೇ, ದಾರೀಲಿ ಮಸಿ ಚೆಲ್ಲೈತಲ್ರೀ” ಎಂದು ಮರುಗಿದ್ದರು. ಹೊಸದುರ್ಗಕ್ಕೆ ವರ್ಗವಾದಾಗ ಬಾಗೂರಿನ ಬಡಗಿಯೊಬ್ಬರಿಗೆ ಕೆಲವನ್ನು ತೋರಿಸಿದೆ. ಅವರು ಮುಖವನ್ನು ನೋಡಲೇ ಇಲ್ಲ. ಕಪ್ಪಿನ ನಡುವೆ ಇದ್ದ ಸಣ್ಣ ಸುಳಿಯ ಮೇಲೆ ಬೆರಳಿಟ್ಟು, “ಇಲ್ಲಿ ಗಂಟೈತೆ ನೋಡ್ರಿ. ಉಳಿ ಜಾರೈತೆ. ಜಾರಿದ್ದನ್ನ ಅಂಗೇ ಬಿಟ್ಟವ್ನೆ, ಗಟ್ಟಿಗ” ಎಂದರು. ಆ ಮೇಲೆ ಪ್ರತಿ ಚಿತ್ರದಲ್ಲೂ ನಾನು ಮೊದಲು ಮರವನ್ನು ಹುಡುಕುವುದನ್ನು ಕಲಿತೆ. ಚಿತ್ರದುರ್ಗದ ಹೈಸ್ಕೂಲಿಗೆ ಬರುವ ಹೊತ್ತಿಗೆ ಹಾಳೆಗಳು ಮೂವತ್ತೊಂದಾಗಿದ್ದವು. ಪ್ರತಿಯೊಂದನ್ನೂ ಬಿಳಿ ಬಟ್ಟೆಯ ನಡುವೆ ಇಟ್ಟು, ಹದವಾಗಿ ಕಾದ ಇಸ್ತ್ರಿಪೆಟ್ಟಿಗೆ ಆಡಿಸಿ, ಬೇವಿನ ಎಲೆಯ ಜೊತೆ ಪೆಟ್ಟಿಗೆಯಲ್ಲಿಡುತ್ತಿದ್ದೆ.

ನನ್ನ ಅಕ್ಕನನ್ನು ಹರಿಯಬ್ಬೆಗೆ ಕೊಟ್ಟಿದೆ. ಭಾವ ಬೇಸಾಯಗಾರರು, ಮಾತುಗಾರರು. ಹೊಲದಲ್ಲಿ ಎತ್ತಿನ ಜೊತೆಗೂ ಹರಟುವವರು. ದುರ್ಗಕ್ಕೆ ಬಂದಾಗಲೆಲ್ಲ ನಾನು ಪೆಟ್ಟಿಗೆ ತೆಗೆದು ಅವರ ಮುಂದೆ ಹರಡುತ್ತಿದ್ದೆ.

“ಲೇ ಮೇಷ್ಟ್ರೇ, ಇವ್ರಿಗೆಲ್ಲ ಯಾರಾದ್ರೂ ಒಂದೊಂದು ಮುದ್ದೆ ಇಕ್ರಪ್ಪ” ಎನ್ನುತ್ತಿದ್ದರು. ಇನ್ನೊಂದನ್ನು ಎತ್ತಿ, “ಇವ್ನು ಹೆಂಗೆ ನೋಡ್ತಾನೆ ನೋಡು, ಇವ್ನ ಎಮ್ಮೆ ನಾನೇ ಹೊಡ್ಕಂಡು ಬಂದಿರಂಗೆ.”

ನನಗೆ ನಗು ಬರುತ್ತಿತ್ತು. ಒಳಗೊಳಗೆ ಬೇಸರವೂ ಆಗುತ್ತಿತ್ತು. ಈ ಸೀಮೆಯಲ್ಲಿ ನಾನು ಇವುಗಳನ್ನು ತೋರಿಸಬಹುದಾಗಿದ್ದ ಜನರೇ ಮೂವರೋ ನಾಲ್ವರೋ. ಅವರಲ್ಲಿ ನನಗೆ ಅತಿ ಹತ್ತಿರದವರು ಭಾವ. ಒಂದೇ ಒಂದು ಚಿತ್ರ ಅವರ ಬಾಯಿ ಕಟ್ಟಿಹಾಕಲಿ, ಒಂದು ಗಳಿಗೆ ಅವರು ಸುಮ್ಮನೆ ನೋಡುವಂತಾಗಲಿ ಎಂದು ನಾನು ಆಸೆಪಡುತ್ತಿದ್ದೆ. ಈ ಆಸೆಯನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಎರಡನೆಯ ಸಲ ಯುದ್ಧ ಶುರುವಾಯಿತು. ಎಂಜಿನಿಯರ್ ಎಂದೋ ತನ್ನ ದೇಶಕ್ಕೆ ಹೋಗಿದ್ದ. ಹೆಡ್‌ಮಾಸ್ತರರು ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, ಜರ್ಮನಿಯಿಂದ ಯಾರಿಗೆ ಕಾಗದ ಬರುತ್ತಿತ್ತೆಂದು ಪೊಲೀಸಿನವರು ಪಟ್ಟಿ ಮಾಡುತ್ತಿದ್ದಾರಂತೆ, ಮನೆಯಲ್ಲಿ ಅಂಥದ್ದೇನಾದರೂ ಇದ್ದರೆ ಇರುವುದು ಬೇಡ ಎಂದು ಮೆಲ್ಲಗೆ ಹೇಳಿದರು. ಸುಡಲು ಮನಸ್ಸಾಗಲಿಲ್ಲ. ಅದೇ ಶನಿವಾರ ಪೆಟ್ಟಿಗೆಯನ್ನು ಹೊತ್ತು ಹರಿಯಬ್ಬೆಗೆ ಹೋದೆ.

“ಅದಕ್ಕೇನಂತೆ, ಹಗೇವಿಗೆ ಇಳಿಸಾಣ” ಎಂದರು ಭಾವ. “ಗೆದ್ದಲು ಬರಲ್ಲ, ಪೊಲೀಸ್ನೋರು ಮೊದ್ಲೇ ಬರಲ್ಲ.”

ನಮ್ಮ ಕಡೆ ಹಗೇವು ಎಂದರೆ ಕಣದ ಪಕ್ಕದ ಗಟ್ಟಿ ನೆಲದಲ್ಲಿ ತೋಡಿದ ಗುಳಿ. ಎರಡಾಳು ಆಳ, ಹೊಟ್ಟೆ ಅಗಲ, ಬಾಯಿ ಮಾತ್ರ ಒಬ್ಬ ನುಸುಳುವಷ್ಟು. ಒಳಗೋಡೆಗೆ ರಾಗಿ ಹುಲ್ಲು ಸುತ್ತಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಭಾವನ ಹಗೇವು ಆಗಷ್ಟೇ ಬರಿದಾಗಿ, ವಾರದಿಂದ ಬಾಯಿ ತೆರೆದುಕೊಂಡು ಬಿದ್ದಿತ್ತು. ಹೊಸ ರಾಗಿಗೆ ಇನ್ನೂ ಎರಡು ತಿಂಗಳಿತ್ತು. ಭಾವ ಇಳಿದರು, ಪೆಟ್ಟಿಗೆಯನ್ನು ಹಳೆಯ ಹುಲ್ಲಿನ ಮೇಲೆ ಇಟ್ಟರು, ಹಾಡುತ್ತ ಹತ್ತಿಬಂದರು. ಚಪ್ಪಡಿ ಎಳೆದು ಮಣ್ಣು ಮೆತ್ತಿದೆವು. ಆ ದಿನ ಏನೂ ಆಗಲಿಲ್ಲ. ಏನೂ ಆಗದೇ ಇದ್ದದ್ದೇ ನನ್ನನ್ನು ಕೆಡಿಸಿತು.

ಆ ವರ್ಷ ಹಿಂಗಾರು ಬಿಡದೆ ಸುರಿಯಿತು. ಬಾಡಿಗೆ ಮನೆಯ ಹೆಂಚಿನ ಮೇಲೆ ಮಳೆ ಬಡಿಯುವಾಗ ನನಗೆ ಹಗೇವಿನೊಳಗೆ ನೀರು ಇಳಿದಂತೆಯೇ ಕೇಳಿಸುತ್ತಿತ್ತು. ಮಳೆ ತುಸು ಹೊಳವಾದ ಭಾನುವಾರ ಮೊದಲ ಮೋಟಾರು ಹಿಡಿದು ಹಿರಿಯೂರಿಗೆ, ಅಲ್ಲಿಂದ ಹರಿಯಬ್ಬೆಗೆ ಹೋದೆ. ಪೆಟ್ಟಿಗೆ ಒಣಗಿದ್ದರೆ ಅಲ್ಲೇ ಬಿಡುವುದು, ಒದ್ದೆಯಾಗಿದ್ದರೆ ಮಾತ್ರ ಮೇಲೆ ತರುವುದು, ಸಂಜೆಯ ಮೋಟಾರಿಗೆ ವಾಪಸು. ಇದು ನನ್ನ ಲೆಕ್ಕ.

ಭಾವ ಮಣ್ಣು ಬಿಡಿಸಿ ಚಪ್ಪಡಿ ಸರಿಸಿದರು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

“ನಾಳೆವರ್ಗೂ ಬಾಯಿ ತೆಗೆದು ಬಿಡ್ರಿ. ಉಸಿರಾಡ್ಲಿ.”

“ನಾಳೆ ಶಾಲೆ ಐತೆ ಅಕ್ಕ” ಎಂದೆ.

“ಅಂಗಾದ್ರೆ ಲಾಟೀನಾದ್ರೂ ಇಳಿಸಿ ನೋಡ್ರಿ. ಆರಿದ್ರೆ ಇಳಿಯಾದು ಬ್ಯಾಡ.”

ಅಲ್ಲಿ ನಾನು ಪಾಠ ಮಾಡಿದೆ. ಹೌದು, ಪಾಠವೇ. ಕಾಳಿಗೂ ಜೀವವಿದೆ, ಅದೂ ಉಸಿರಾಡುತ್ತದೆ, ಅದರಿಂದ ಇಂಗಾಲಾಮ್ಲ ವಾಯು ಹುಟ್ಟಿ ಗುಳಿಯ ತಳದಲ್ಲಿ ನಿಲ್ಲುತ್ತದೆ, ಅದಕ್ಕೇ ತುಂಬಿದ ಹಗೇವು ಅಪಾಯ ಎಂದೆ. ಈಗ ಒಳಗೆ ಒಂದು ಹಿಡಿ ರಾಗಿಯೂ ಇಲ್ಲ. ಉಸಿರಾಡುವವರೇ ಇಲ್ಲದ ಮೇಲೆ ಕೆಟ್ಟ ಗಾಳಿ ಎಲ್ಲಿಂದ? ಲಾಟೀನು ಉರುಳಿ ಹುಲ್ಲಿಗೆ ಬೆಂಕಿ ಹತ್ತಿದರೆ ಮಾತ್ರ ಚಿತ್ರಗಳು ಹೋದಾವು ಎಂದೂ ಸೇರಿಸಿದೆ. ಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿಸಿ, ಅದು ಹಾಲಿನಂತೆ ಬೆಳ್ಳಗಾಗುವುದನ್ನು ತೋರಿಸುವವನು ನಾನೇ. ತೊಯ್ದ ಹಳೆಯ ಹುಲ್ಲು ಕೊಳೆಯುವಾಗಲೂ ಅದೇ ವಾಯು ಹುಟ್ಟುತ್ತದೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಆ ಹೊತ್ತಿಗೆ ತಲೆಗೆ ಬರಲಿಲ್ಲ.

“ಕೇಳಿದ್ಯಾ? ಬಿ.ಎಸ್ಸಿ. ಓದಿರೋ ತಮ್ಮ ಹೇಳ್ತಾನೆ” ಎಂದರು ಭಾವ.

“ಬಿ.ಎಸ್ಸಿ. ಮ್ಯಾಲೆ ನಿಂತಿರ್ತೈತೆ, ಇಳಿಯೋರು ನೀವು” ಎಂದಳು ಅಕ್ಕ.

“ನಾನೇ ಇಳೀತೀನಿ” ಎಂದೆ. ಅದು ಬಾಯಿಮಾತಲ್ಲ, ಕೋಟು ಬಿಚ್ಚಿಯೂ ಇದ್ದೆ. ಭಾವ ನನ್ನ ಹೊಟ್ಟೆಯನ್ನೂ ಹಗೇವಿನ ಬಾಯನ್ನೂ ಒಂದೊಂದು ಸಲ ನೋಡಿ, “ನೀನು ಸಿಕ್ಕಾಕ್ಕಂಡ್ರೆ ಈ ವರ್ಷ ರಾಗಿ ಎಲ್ಲಿ ತುಂಬ್ಲಿ?” ಎಂದರು.

ಅಕ್ಕ ಮಾತು ಬೆಳೆಸಲಿಲ್ಲ. ಒಳಗೆ ಹೋಗಿ ಬಾವಿಯ ಹಗ್ಗ ತಂದು ಗಂಡನ ಕಂಕುಳ ಕೆಳಗೆ ತಾನೇ ಬಿಗಿದಳು. “ಬಾಯಿ ಮುಚ್ಚಬ್ಯಾಡ್ರಿ” ಎಂದಳು. ಅದು ಆ ಮನೆಯ ಪದ್ಧತಿ. ಹಗೇವಿಗೆ ಇಳಿದವರು ಮಾತಾಡುತ್ತಲೇ ಇರಬೇಕು. ಹಾಡಾದರೂ ಸರಿ, ಬೈಗುಳವಾದರೂ ಸರಿ. ಮಾತು ನಿಂತರೆ ಮೇಲಿದ್ದವರು ಕಾರಣ ಕೇಳದೆ ಹಗ್ಗ ಎಳೆಯಬೇಕು.

“ಮದ್ವೆಯಾಗಿ ಹದಿನೈದು ವರ್ಷಕ್ಕೆ ಇವತ್ತು ಮಾತಾಡ್ರಿ ಅಂದ್ಲು ನೋಡಪ್ಪ” ಎನ್ನುತ್ತ ಭಾವ ಅಂಚಿಗೆ ಕೈಯೂರಿ ಇಳಿದರು.

ಒಳಗೆ ನಿಂತುಕೊಂಡು ಅವರು ಚೆನ್ನಾಗಿಯೇ ಮಾತಾಡಿದರು. ಗೋಡೆಯ ಒಂದು ಕಡೆ ಹುಲ್ಲು ಕಪ್ಪಾಗಿದೆ, ಮುಗ್ಗಲು ವಾಸನೆ ಇದೆ, ಪೆಟ್ಟಿಗೆ ಮೇಲೆ ತೇವವಿಲ್ಲ. ಅಷ್ಟು ಕೇಳಿ ನಾನು ಅವರನ್ನು ಮೇಲಕ್ಕೆ ಕರೆಯಬಹುದಿತ್ತು.

“ಮುಚ್ಚಳ ತೆಗೆದು ತಳದ ಹಾಳೆ ಮುಟ್ಟಿ ನೋಡ್ರಿ ಭಾವ” ಎಂದೆ.

ಅದಕ್ಕೆ ಅವರು ಕುಳಿತುಕೊಳ್ಳಬೇಕಾಯಿತು. ನಿಂತಿದ್ದಾಗ ತಲೆ ಇದ್ದ ಕಡೆ ಗಾಳಿ ಒಳ್ಳೆಯದಿತ್ತು, ಕುಳಿತಾಗ ಇರಲಿಲ್ಲ. ಇದು ನನಗೆ ತಿಳಿದದ್ದು ಆಮೇಲೆ. ಆಗ ನಾನು ಅಂಚಿಗೆ ಮೊಣಕಾಲೂರಿ ಬಗ್ಗಿದ್ದೆ. ಬಾಯಿಂದ ಬಿದ್ದ ಬೆಳಕಿನಲ್ಲಿ ಅವರ ಪೇಟವೂ ಬಿಳಿ ಹಾಳೆಗಳೂ ಕಾಣುತ್ತಿದ್ದವು.

“ಎಲ್ಲ ಒಣಗವೆ ಕಣೋ. ಈಯಮ್ಮ ಚೆನ್ನಾಗವ್ಳೆ. ಈ ಒಂಟಿಕಾಲ್ನೋನೂ ಅವ್ನೆ. ಇದ್ಯಾವ್ದಿದು, ಇದು ನೀನು ತೋರ್ಸಿರ್ಲಿಲ್ಲ.”

“ಮೇಜಿನ ಮುಂದೆ ಕೂತಿರೋ ಮುದುಕನಾ?”

“ಊಂ. ಮುಖ ಕಾಣಲ್ಲ. ಕೈ ನೋಡೋ ಇವ್ನದು… ಕೈ…”

ಆ ಚಿತ್ರ ನನಗೆ ಬಹಳ ಇಷ್ಟವಾದದ್ದು, ಭಾವ ನಗೆಯಾಡಿಯಾರೆಂದು ಅದೊಂದನ್ನು ಮಾತ್ರ ತಳದಲ್ಲೇ ಇಟ್ಟಿರುತ್ತಿದ್ದೆ. ತಲೆ ಬಗ್ಗಿಸಿ ಕುಳಿತ ಮುದುಕ. ಮೇಜಿನ ಮೇಲೆ ಚಾಚಿದ ಎರಡು ಕೈಗಳೇ ಅರ್ಧ ಹಾಳೆಯನ್ನು ತುಂಬಿವೆ. ಭಾವ ಸುಮ್ಮನಾದರು. ಹಾಳೆ ಅವರ ತೊಡೆಯ ಮೇಲಿತ್ತು, ತಲೆ ಅದರ ಮೇಲೆ ಬಗ್ಗಿತ್ತು.

ಕೊನೆಗೂ ನೋಡಿದರು ಎಂದುಕೊಂಡೆ.

ಪ್ರತಿಸಲ ಬಂದು ನಿಲ್ಲುವ ಜಾಗ ಇದೇ. ಎಷ್ಟು ಹೊತ್ತು? ಐದು ಎಣಿಸುವಷ್ಟೋ, ಹತ್ತು ಎಣಿಸುವಷ್ಟೋ. ಹಗ್ಗ ನನ್ನ ಕೈಯಲ್ಲೇ ಇತ್ತು. ಪದ್ಧತಿಯನ್ನು ಅಕ್ಕ ನನ್ನ ಎದುರಿಗೇ ನೆನಪಿಸಿದ್ದಳು. ಆದರೆ ಆ ಮೌನ ನಾನು ವರ್ಷಗಟ್ಟಲೆ ಕಾದಿದ್ದ ಮೌನವಾಗಿತ್ತು. ಅದನ್ನು ಕೆಡಿಸಲು ನನಗೆ ಇಷ್ಟವಿರಲಿಲ್ಲ.

“ಮಾತು ನಿಂತೈತೆ! ಎಳಿಯೋ!” ಎಂದು ಅಕ್ಕ ಕಿರುಚಿದಳು. ಅಷ್ಟರಲ್ಲಿ ಭಾವನ ದೇಹ ಒಂದು ಕಡೆಗೆ ವಾಲಿ ಹುಲ್ಲಿನ ಮೇಲೆ ಮಗುಚಿಕೊಂಡಿತು.

ಇಬ್ಬರೂ ಎಳೆದೆವು. ಹಗ್ಗ ಬಿಗಿಯಿತು, ಭಾವ ಒಂದು ಮೊಳ ಮೇಲೆದ್ದರು, ಮತ್ತೆ ಇಳಿದರು. ತಲೆ ಜೋಲಾಡುತ್ತಿತ್ತು. ಅಕ್ಕ ಹಗ್ಗವನ್ನು ಮೊಣಕೈಗೆ ಸುತ್ತಿಕೊಂಡು ಹಿಂದಕ್ಕೆ ಒರಗಿ, “ಯಾರಾದ್ರೂ ಬರ್ರೋ, ಶಿವನೇ, ಬರ್ರೋ” ಎನ್ನುತ್ತಿದ್ದಳು. ಕಣದ ಆಚೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ ನೆರೆಮನೆಯ ಕುರುಬರೊಬ್ಬರು ಬೇಲಿ ಹಾರಿ ಬಂದರು. ಕೋಲು ಬಿಸಾಕಿ, ಒಂದು ಮಾತೂ ಕೇಳದೆ ಹಗ್ಗಕ್ಕೆ ಕೈ ಹಾಕಿದರು. ಇಳಿಯಲು ಹೊರಟ ನನ್ನನ್ನು ಕಾಲಿನಿಂದಲೇ ತಡೆದು, “ಇಬ್ರನ್ನ ಎಳೆಯಾಕೆ ನನ್ನ ಕೈಲಾಗಲ್ಲ, ಹಗ್ಗ ಹಿಡೀರಿ” ಎಂದರು.

ಮೂವರು ಎಳೆದಾಗ ಭಾವ ಬಂದರು. ಅಂಚಿನ ಕಲ್ಲಿಗೆ ಎರಡೂ ಮೊಣಕೈ ತರಚಿತು. ಕಣದಲ್ಲಿ ಮಲಗಿಸಿದೆವು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು, ಹಣೆಯ ವಿಭೂತಿ ಬೆವರಿಗೆ ಕಲಸಿಹೋಗಿತ್ತು. ಕುರುಬರು ಅಂಗಿಯ ಕೊರಳು ಬಿಚ್ಚಿ, ಎದೆಯನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಒತ್ತಿ ಬಿಟ್ಟರು. ಅಕ್ಕ ಮುಖಕ್ಕೆ ನೀರು ಎರಚಿದಳು. ನಾನು ಏನು ಮಾಡಿದೆನೆಂದು ನನಗೆ ನೆನಪಿಲ್ಲ. ಕೋಟಿನಿಂದ ಗಾಳಿ ಬೀಸುತ್ತಿದ್ದೆನಂತೆ.

ಮೊದಲು ಒಂದು ಕೆಮ್ಮು ಬಂತು. ಆಮೇಲೆ ಉದ್ದನೆಯ ಉಸಿರು, ಕೊಡದಲ್ಲಿ ನೀರು ತುಂಬುವಾಗ ಬರುವಂಥ ಸದ್ದು. ಭಾವ ಕಣ್ಣು ತೆರೆದು ಆಕಾಶವನ್ನು ನೋಡಿದರು, ಕುರುಬರನ್ನು ನೋಡಿದರು, ಅಕ್ಕನನ್ನು ನೋಡಿದರು.

“ಮಾತಾಡ್ತಾನೇ ಇದ್ನಲ್ಲೇ” ಎಂದರು.

ಅಕ್ಕ ಅಲ್ಲೇ ಕುಸಿದು ಕುಳಿತು ಅತ್ತಳು. ಕುರುಬರು ಕೋಲು ಎತ್ತಿಕೊಂಡು, ಚದುರಿದ ಕುರಿಗಳ ಕಡೆ ನೋಡುತ್ತಲೇ ನನಗೆ ಹೇಳಿದರು: “ಏನ್ ಮೇಷ್ಟ್ರೇ, ಬಾಯಿ ತೆಗೆದ ಕೂಡ್ಲೇ ಇಳಿಸ್ತಾರೇನ್ರಿ? ನಮ್ಮ ನಾಯಿಗೂ ಗೊತ್ತು ಅದು.” ನಾನು ತಲೆಯಾಡಿಸಿದೆ. ಅಷ್ಟು ಸಮಾಧಾನದಿಂದ ನಾನು ಯಾವ ಬೈಗುಳವನ್ನೂ ಕೇಳಿಸಿಕೊಂಡಿಲ್ಲ.

ಸಂಜೆಯ ಮೋಟಾರು ಹೋಯಿತು. ಒಂದು ದಿನ ಕಾಯಲಾರದವನು ರಜೆಗೆ ಬರೆದು ಮೂರು ದಿನ ನಿಂತೆ. ಭಾವನಿಗೆ ಆ ದಿನವೆಲ್ಲ ತಲೆನೋವು, ಎರಡು ಸಲ ವಾಂತಿ. ಮರುದಿನ ಬೆಳಗ್ಗೆ ಗಂಜಿ ಕುಡಿದು, ಉಪ್ಪಿಲ್ಲವೆಂದು ತಕರಾರು ಮಾಡಿದರು. ಆ ತಕರಾರು ಕೇಳಿ ಅಕ್ಕನ ಮುಖಕ್ಕೆ ಬಣ್ಣ ಬಂತು.

ಅದೇ ದಿನ ಅಕ್ಕನೂ ನಾನೂ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಹಗೇವಿಗೆ ಇಳಿಸಿದೆವು. ಅರ್ಧ ದಾಟಿದ ಮೇಲೆ ಜ್ವಾಲೆ ಸಣ್ಣಗಾಯಿತು, ಹಳದಿಯಾಯಿತು, ಆರಿತು. ಯಾರೋ ಊದಿದಂತೆ. ಇಬ್ಬರೂ ಅದನ್ನು ನೋಡಿದೆವು.

“ನೀನ್ಯಾಕೆ ನಗ್ತಿದ್ದೆ?” ಎಂದು ಅಕ್ಕ ಕೇಳಿದಳು.

“ಯಾವಾಗ?”

“ಅವ್ರು ಮಾತು ನಿಲ್ಸಿದಾಗ. ಬಗ್ಗಿ ನೋಡ್ಕಂತಾ ನಗ್ತಿದ್ದೆ.”

ನಾನು ನಕ್ಕಿದ್ದೆನೆಂಬುದು ನನಗೆ ಗೊತ್ತಿರಲಿಲ್ಲ. ಹೇಳಲು ಹೊರಟೆ. ಚಿತ್ರ, ಆಸೆ, ಮುದುಕನ ಕೈ. ಯಾವುದೂ ಆ ಕಣದಲ್ಲಿ ನಿಂತು ಹೇಳುವಂಥ ಮಾತಾಗಿರಲಿಲ್ಲ. ಅಕ್ಕ ಆರಿದ ಲಾಟೀನನ್ನು ಮೇಲಕ್ಕೆ ಎಳೆದುಕೊಂಡಳು.

“ಹೋಗ್ಲಿ ಬಿಡು. ಎಳೆದೆಯಲ್ಲ” ಎಂದಳು.

ಅವಳಿಗೆ ಆಗ ಕೊಡಲಾಗದ ಉತ್ತರವನ್ನು ಇಲ್ಲಿ ಕೊಟ್ಟಿದ್ದೇನೆ. ಅವಳಿಗೆ ಓದು ಬರುತ್ತದೆ.

ಮೂರನೆಯ ದಿನ ಲಾಟೀನು ತಳ ಮುಟ್ಟಿಯೂ ಉರಿಯಿತು. ಅಕ್ಕ ಅದನ್ನು ಒಂದು ಗಂಟೆ ಅಲ್ಲೇ ಬಿಟ್ಟಳು. ಆಮೇಲೆ ಕುರುಬರ ಮನೆಯ ತೆಳ್ಳಗಿನ ಆಳೊಬ್ಬ ಹಗ್ಗ ಕಟ್ಟಿಕೊಂಡು, ಇಡೀ ಊರನ್ನು ಬೈಯುತ್ತ ಇಳಿದು, ಪೆಟ್ಟಿಗೆಯನ್ನೂ ಚೆಲ್ಲಿದ್ದ ಹಾಳೆಗಳನ್ನೂ ಮೇಲೆ ಕಳಿಸಿದ. ಕೊಳೆತ ಹುಲ್ಲನ್ನೆಲ್ಲ ಕಿತ್ತು ಹಾಕಿದೆವು. ಮುದುಕನ ಚಿತ್ರದ ಒಂದು ಮೂಲೆ ಭಾವನ ಮೈಭಾರಕ್ಕೆ ಮಡಚಿಹೋಗಿತ್ತು. ಪೆಟ್ಟಿಗೆಯನ್ನು ನಾನು ದುರ್ಗಕ್ಕೇ ವಾಪಸು ತಂದೆ. ಅದು ಈಗ ನನ್ನ ಕೋಣೆಯ ಗೂಡಿನಲ್ಲಿದೆ. ಈವರೆಗೆ ಯಾವ ಪೊಲೀಸಿನವರೂ ಬಂದಿಲ್ಲ. ಬಂದರೆ ಬಿಚ್ಚಿ ತೋರಿಸುತ್ತೇನೆ.

ಹೊರಡುವ ಮೊದಲು, ಜಗಲಿಯ ಮೇಲೆ ಒರಗಿ ಕುಳಿತಿದ್ದ ಭಾವ ಕೈ ಚಾಚಿದರು. “ತಾರೋ ಇಲ್ಲಿ ಆ ಮುದುಕನ್ನ. ಅರ್ಧ ನೋಡಿದ್ದೆ.”

ಕೊಡಲು ಮನಸ್ಸಿರಲಿಲ್ಲ, ಕೊಟ್ಟೆ. ಅವರು ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡರು. ಮಡಚಿದ ಮೂಲೆಯನ್ನು ಹೆಬ್ಬೆರಳಿನಿಂದ ತೀಡಿ ಸರಿಮಾಡಿದರು. ತಲೆ ಬಗ್ಗಿಸಿದರು. ಸುಮ್ಮನಾದರು.

ನಾನು ಮೂರು ಎಣಿಸಿದೆ. ನಾಲ್ಕು. ತಡೆಯಲಾಗಲಿಲ್ಲ.

“ಭಾವ, ಏನಾದ್ರೂ ಮಾತಾಡ್ರಿ.”

“ತಡಿಯಲೇ” ಎಂದರು ಅವರು, ತಲೆಯೆತ್ತದೆ. “ನೋಡಾಕೆ ಬಿಡು.”

ನಾನು ಪಕ್ಕದಲ್ಲಿ ಕುಳಿತು ಬಾವಿಯ ಹಗ್ಗ ಸುತ್ತತೊಡಗಿದೆ.